ಶಾಫ್ಟ್ ಸವೆದರೆ ಅಳತೆ ಮೊದಲು, ಅಂಗಡಿ ಆಮೇಲೆ

ಹಳೆಯ ಡೀಸೆಲ್ ಮಿನಿ ಟ್ರ್ಯಾಕ್ಟರ್ ನೆಚ್ಚಿಕೊಂಡ ತೋಟಗಾರರಿಗೆ ಒಂದು ಕೈಪಿಡಿ

ಹೊಸದುರ್ಗ ತಾಲ್ಲೂಕಿನ ತೆಂಗು, ಅಡಿಕೆ ತೋಟಗಳಿಗೆ ಮಿನಿ ಟ್ರ್ಯಾಕ್ಟರ್ ಬಂದದ್ದು ಜಾಗದ ಲೆಕ್ಕದಿಂದ. ಅಡಿಕೆ ಸಾಲುಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರ. ತೆಂಗಿಗೆ 25ರಿಂದ 30 ಅಡಿ ಬಿಟ್ಟರೂ ನಡುವೆ ಬಾಳೆಯೋ ಅಡಿಕೆಯೋ ಎದ್ದು ನಿಂತಿರುತ್ತದೆ. ದೊಡ್ಡ ಟ್ರ್ಯಾಕ್ಟರ್ ಇಂಥ ಸಾಲಿಗೆ ಹೇಗೋ ನುಗ್ಗಬಹುದು. ಸಾಲಿನ ಕೊನೆಯಲ್ಲಿ ತಿರುಗುವಾಗ ಒಂದೆರಡು ಗಿಡಕ್ಕೆ ಗಾಯ ಮಾಡದೆ ಬರಲಾರದು.

ಈ ಕೊರತೆ ತುಂಬಿದವು 15ರಿಂದ 25 ಎಚ್‌ಪಿಯ ಸಣ್ಣ ಡೀಸೆಲ್ ಗಾಡಿಗಳು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದಲ್ಲಿ ತಯಾರಿಸಿದ ಶಕ್ತಿ ಎಂಟಿ 180ಡಿ ನಮ್ಮ ತೋಟಗಳಿಗೆ ಹಳೆಯ ಪರಿಚಯ: ಮೂರು ಸಿಲಿಂಡರ್, 18.5 ಎಚ್‌ಪಿ. ಆಮೇಲೆ ಮಹೀಂದ್ರ ಯುವರಾಜ್, ಕುಬೋಟಾ ನಿಯೋಸ್ಟಾರ್ ಮೊದಲಾದವು ಬಂದವು. ವರ್ಷಗಟ್ಟಲೆ ದುಡಿದ ಇಂಥ ಗಾಡಿಗಳ ಇಂಜಿನ್‌ಗಳು, ಆಯಿಲ್ ಮತ್ತು ಫಿಲ್ಟರ್‌ಗಳನ್ನು ಕಾಲಕ್ಕೆ ಬದಲಿಸಿದರೆ, ಈಗಲೂ ತಕರಾರಿಲ್ಲದೆ ಓಡುತ್ತವೆ. ಅವಕ್ಕಿಂತ ಮೊದಲು ಕೈಕೊಡುವುದು ಇಂಜಿನ್ನಿನ ಬಲವನ್ನು ರೋಟಾವೇಟರ್‌ಗೆ ಒಯ್ಯುವ ಶಾಫ್ಟ್.

ಸವೆದ ಶಾಫ್ಟ್ ಕಳಚಿ ಹೊಸದು ಹಾಕುವುದು ದೊಡ್ಡ ವಿದ್ಯೆಯಲ್ಲ. ಅರ್ಧ ದಿನದ ಕೆಲಸ, ಮನೆಯಲ್ಲಿರುವ ಪಾನಗಳೇ ಸಾಕು. ಆದರೂ ಹೊಸ ಶಾಫ್ಟ್ ಒಂದೇ ಹಂಗಾಮಿನಲ್ಲಿ ಮತ್ತೆ ಕಟಕಟ ಎನ್ನುವುದು ಅಪರೂಪವಲ್ಲ. ಹಳೆಯದು ಯಾಕೆ ಸವೆಯಿತೆಂದು ನೋಡದೆ, ಅಳತೆ ತೆಗೆಯದೆ, "ಅದೇ ಥರದ್ದು ಕೊಡಿ" ಎಂದು ತಂದು ಹಾಕಿದರೆ ಆಗುವುದು ಇದೇ.

ಯಾವ ಶಾಫ್ಟ್ ಎಂಬುದು ಮೊದಲು ತಿಳಿಯಲಿ

ಮಿನಿ ಟ್ರ್ಯಾಕ್ಟರಿನಲ್ಲಿ ಹೊರಗೆ ಕಾಣುವಂತೆ ಸವೆಯುವ ಶಾಫ್ಟ್‌ಗಳು ಎರಡು. ಮೊದಲನೆಯದು ಹಿಂದಿನ ಪಿಟಿಒದಿಂದ, ಅಂದರೆ ಇಂಜಿನ್ ಬಲವನ್ನು ಹೊರಕ್ಕೆ ಕೊಡುವ ತುದಿಯಿಂದ, ರೋಟಾವೇಟರ್ ಗೇರ್‌ಬಾಕ್ಸ್‌ಗೆ ಹೋಗುವ ಜಾಯಿಂಟ್ ಶಾಫ್ಟ್. ಎರಡು ತುದಿಯಲ್ಲೂ ಒಂದೊಂದು ಕ್ರಾಸ್, ಅದನ್ನು ಹಿಡಿದ ಕವಲುಗಳು, ನಡುವೆ ಒಂದರೊಳಗೊಂದು ಜಾರುವ ಎರಡು ಪೈಪು. ಎರಡನೆಯದು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಮಾತ್ರ ಇರುವಂಥದ್ದು. ಗೇರ್‌ಬಾಕ್ಸ್‌ನಿಂದ ಮುಂದಿನ ಆಕ್ಸಲ್‌ಗೆ ಹೊಟ್ಟೆಯಡಿ ಹಾದು ಹೋಗುವ ಶಾಫ್ಟ್. ಮೊದಲನೆಯದು ಪ್ರತಿ ಹಂಗಾಮಿನ ಗೋಳು. ಎರಡನೆಯದು ತಡವಾಗಿ ಕೆಡುತ್ತದೆ, ಆದರೆ ಕೆಟ್ಟಾಗ ಬಿಲ್ಲು ದೊಡ್ಡದು.

ಜಾಯಿಂಟ್ ಶಾಫ್ಟ್ ಎಷ್ಟು ಭಾರ ಹೊರುತ್ತದೆ ಎಂಬ ಅಂದಾಜು ಇರಲಿ. ನಿಮಿಷಕ್ಕೆ 540 ಸುತ್ತಿನಲ್ಲಿ 15 ಎಚ್‌ಪಿ ಹರಿದರೆ ಶಾಫ್ಟ್ ಮೇಲೆ ಬೀಳುವ ತಿರುಚು ಬಲ ಸುಮಾರು 195 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಪಾನದ ತುದಿಗೆ 20 ಕೆ.ಜಿ. ಕಲ್ಲು ತೂಗುಹಾಕಿದಷ್ಟು. ಇದು ನಯವಾದ ಮಣ್ಣಿನ ಲೆಕ್ಕ. ಬ್ಲೇಡಿಗೆ ಗುಂಡುಕಲ್ಲೋ ತೆಂಗಿನ ಬೇರಿನ ಗಂಟೋ ಸಿಕ್ಕಿದ ಕ್ಷಣ ಈ ಬಲ ಹಲವು ಪಟ್ಟು ಏರಿ ಇಳಿಯುತ್ತದೆ. ಆ ಏಟನ್ನೆಲ್ಲ ತಿನ್ನುವುದು ಕ್ರಾಸಿನ ನಾಲ್ಕು ಕಾಲುಗಳು ಮತ್ತು ಅವುಗಳ ಸುತ್ತ ಕ್ಯಾಪಿನೊಳಗೆ ಕುಳಿತ ಸೂಜಿ ಬೇರಿಂಗ್‌ಗಳು.

ಕೈ ಹಾಕುವ ಮುನ್ನ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಿಟಿಒ ಲಿವರ್ ನ್ಯೂಟ್ರಲ್‌ಗೆ ತಂದು, ಇಂಜಿನ್ ಆರಿಸಿ, ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ರೋಟಾವೇಟರ್ ನೆಲಕ್ಕೆ ಇಳಿದಿರಲಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂಬ ಧೈರ್ಯದಲ್ಲಿ ಕೆಳಗೆ ತೂರಬೇಡಿ. ಎತ್ತಿಯೇ ಕೆಲಸ ಮಾಡಬೇಕಾದರೆ ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಆನಿಸಿ. ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲ್ ಮನೆಯಲ್ಲೇ ಉಳಿಯಲಿ.

ಸವೆತ ಎಲ್ಲಿದೆ? ನಾಲ್ಕು ಕಡೆ ನೋಡಿ

*ಒಂದು, ಕ್ರಾಸ್.* ಶಾಫ್ಟಿನ ಒಂದು ಕವಲನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿ. ಕೈಗೆ ಸಡಿಲ ಗೊತ್ತಾದರೆ ಕ್ರಾಸ್ ಮುಗಿದಿದೆ. ಕ್ಯಾಪಿನ ಅಂಚಿನಲ್ಲಿ ಕೆಂಪು ಕುಂಕುಮದಂಥ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿಗಳು ತುಕ್ಕು ಹಿಡಿದಿವೆ ಎಂದರ್ಥ. ಬಿಚ್ಚಿದ ಮೇಲೆ ಕ್ರಾಸಿನ ಕಾಲಿನ ಮೇಲೆ ಉಗುರು ಎಳೆಯಿರಿ. ಸಾಲು ಸಾಲು ಗೀರು ತಾಗಿದರೆ ಗ್ರೀಸ್ ತುಂಬಿ ಮತ್ತೆ ಹಾಕಿ ಪ್ರಯೋಜನವಿಲ್ಲ.

*ಎರಡು, ಕವಲಿನ ಹಲ್ಲು.* ಪಿಟಿಒ ತುದಿಗೆ ಕೂರುವ ಕವಲಿನೊಳಗೆ ಹಲ್ಲುಗಳಿವೆ. ಸವೆದ ಹಲ್ಲಿನ ಒಂದು ಬದಿಯಲ್ಲಿ ಮೆಟ್ಟಿಲಿನಂಥ ಗುರುತು ಬಿದ್ದಿರುತ್ತದೆ. ಇದೇ ಗುರುತು ಟ್ರ್ಯಾಕ್ಟರಿನ ಪಿಟಿಒ ಹಲ್ಲಿನಲ್ಲೂ ಇದ್ದರೆ ಎಚ್ಚರ. ಹೊಸ ಕವಲು ಸವೆದ ಹಲ್ಲಿನ ಮೇಲೆ ಕುಳಿತರೆ ಅದೂ ಬೇಗ ಹಾಳಾಗುತ್ತದೆ.

*ಮೂರು, ಜಾರು ಪೈಪು.* ಎರಡೂ ಅರ್ಧಗಳನ್ನು ಹೊರಗೆಳೆದು ನೋಡಿ. ಪೈಪು ತಿರುಚಿದ್ದರೆ, ಒಳಪೈಪಿನ ಮೂಲೆಗಳು ಮಿಂಚುವಷ್ಟು ಉಜ್ಜಿದ್ದರೆ, ಜಾರಿಸುವಾಗ ಒಂದು ಕಡೆ ಸಿಕ್ಕಿಕೊಂಡು ಇನ್ನೊಂದು ಕಡೆ ಸಡಿಲವಾದರೆ ಪೈಪು ಬದಲಿಸಲೇಬೇಕು. ಬಿಗಿದು ನಿಂತ ಪೈಪು ಇಡೀ ಒತ್ತಡವನ್ನು ಪಿಟಿಒ ಬೇರಿಂಗಿಗೆ ದಾಟಿಸುತ್ತದೆ. ಆಮೇಲೆ ಬಿಚ್ಚಬೇಕಾಗುವುದು ಗೇರ್‌ಬಾಕ್ಸ್.

*ನಾಲ್ಕು, ಲಾಕ್ ಪಿನ್.* ಒತ್ತಿ ಬಿಟ್ಟರೆ ಟಕ್ಕೆಂದು ಚಿಮ್ಮಿ ಹಿಂದಕ್ಕೆ ಬರಬೇಕು. ಮಣ್ಣು ತುಂಬಿ ಅರ್ಧಕ್ಕೆ ನಿಂತ ಪಿನ್, ಓಡುವ ಶಾಫ್ಟ್ ಕಳಚಿ ಹಾರಲು ಸಾಕು.

ಕ್ರಾಸ್ ಸಾಕೋ, ಶಾಫ್ಟೇ ಬೇಕೋ

ಕ್ರಾಸ್ ಮಾತ್ರ ಸಡಿಲವಾಗಿದ್ದು, ಕವಲಿನ ತೂತು ದುಂಡಗಿದ್ದು, ಪೈಪು ನೆಟ್ಟಗಿದ್ದರೆ ಕ್ರಾಸ್ ಕಿಟ್ ಸಾಕು. ಇಡೀ ಶಾಫ್ಟಿಗೆ ಹೋಲಿಸಿದರೆ ಅದರ ಬೆಲೆ ಅಲ್ಪ. ಒಂದು ತುದಿಯದು ಹೋಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಎರಡೂ ಒಂದೇ ಧೂಳು ಕುಡಿದು, ಒಂದೇ ಗ್ರೀಸ್ ತಿಂದು ಬೆಳೆದವು.

ಕ್ಯಾಪ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಕ್ಯಾಪನ್ನು ಹಿಡಿದಿಡುವ ಸರ್ಕ್ಲಿಪ್ಪಿನ ತೋಡು ಕಿತ್ತುಹೋಗಿದ್ದರೆ, ಪೈಪು ತಿರುಚಿದ್ದರೆ ಶಾಫ್ಟನ್ನೇ ತನ್ನಿ. ಸವೆದ ತೂತಿಗೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಕೊರೆಸಿಕೊಡುವವರು ಇದ್ದಾರೆ. ಸಾಲು ನಿಲ್ಲಬಾರದೆಂಬ ಅವಸರಕ್ಕೆ ಅದು ಒಂದೆರಡು ದಿನದ ದಾರಿ, ಅಷ್ಟೆ. ಎರಡು ತೂತುಗಳ ನಡುಗೆರೆ ಕೂದಲೆಳೆಯಷ್ಟು ಓರೆಯಾದರೂ ಹೊಸ ಕ್ರಾಸಿನ ಸೂಜಿಗಳು ಒಂದೇ ಬದಿ ಭಾರ ಹೊತ್ತು ಪುಡಿಯಾಗುತ್ತವೆ. ಕಾಯಿಸಿದ ಉಕ್ಕು ತನ್ನ ಮೊದಲಿನ ಗಟ್ಟಿತನ ಉಳಿಸಿಕೊಳ್ಳುವುದಿಲ್ಲ.

ಅಂಗಡಿಗೆ ಒಯ್ಯುವ ಚೀಟಿ

ಹಳೆಯ ಶಾಫ್ಟನ್ನೇ ಹೊತ್ತೊಯ್ಯುವುದು ಒಳ್ಳೆಯದು. ಹೊಸದುರ್ಗದಲ್ಲೋ ಚಿತ್ರದುರ್ಗದಲ್ಲೋ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾದರೆ ಫೋನಿನಲ್ಲಿ ಹೇಳಲು ಈ ಐದು ಅಳತೆ ಚೀಟಿಯಲ್ಲಿರಲಿ.

1. ಪಿಟಿಒ ಹಲ್ಲುಗಳ ಸಂಖ್ಯೆ ಮತ್ತು ಹೊರ ವ್ಯಾಸ. 540 ಸುತ್ತಿನ ಸಾಮಾನ್ಯ ಪಿಟಿಒಗೆ 6 ಹಲ್ಲು, ಸುಮಾರು 35 ಮಿ.ಮೀ., ಅಂದರೆ ಒಂದೂ ಮೂರೆಂಟಾಂಶ ಅಂಗುಲ.

2. ರೋಟಾವೇಟರ್ ಗೇರ್‌ಬಾಕ್ಸ್ ಕಡೆಯ ಹಲ್ಲು ಮತ್ತು ವ್ಯಾಸ. ಎರಡೂ ಕಡೆ ಒಂದೇ ಇರುತ್ತದೆಂದು ಊಹಿಸಬೇಡಿ. ಅಲ್ಲಿ ಶಿಯರ್ ಬೋಲ್ಟ್ (ಭಾರ ಮಿತಿಮೀರಿದರೆ ತುಂಡಾಗುವ ಬೋಲ್ಟ್) ಇದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ.

3. ಕ್ರಾಸಿನ ಅಳತೆ: ಕ್ಯಾಪಿನ ಹೊರ ವ್ಯಾಸ ಮತ್ತು ಎದುರುಬದುರು ಕ್ಯಾಪ್‌ಗಳ ತುದಿಯಿಂದ ತುದಿಗೆ ಉದ್ದ. 22 × 54, 23.8 × 61.3, 27 × 74.6 ಮಿ.ಮೀ. ಹೀಗೆ ಸರಣಿಗಳಿವೆ. ಅಂಗಡಿಯವರಿಗೆ ಗಾಡಿಯ ಹೆಸರಿಗಿಂತ ಈ ಜೋಡಿ ಸಂಖ್ಯೆ ಹೆಚ್ಚು ಉಪಯೋಗ. ಅಳೆಯಲು ವರ್ನಿಯರ್ ಬೇಕು, ಟೇಪು ಸಾಲದು.

4. ಪೈಪಿನ ಆಕಾರ: ತ್ರಿಕೋನವೋ, ನಿಂಬೆಯಾಕಾರವೋ, ಚೌಕವೋ.

5. ಪೂರ್ತಿ ಮುಚ್ಚಿದಾಗ ಒಂದು ಲಾಕ್ ಪಿನ್ನಿನಿಂದ ಇನ್ನೊಂದು ಲಾಕ್ ಪಿನ್ನಿಗೆ ಇರುವ ಉದ್ದ.

ದೊಡ್ಡ ಟ್ರ್ಯಾಕ್ಟರಿನ ದಪ್ಪ ಶಾಫ್ಟ್ ಹಾಕಿದರೆ ಬಾಳಿಕೆ ಜಾಸ್ತಿ ಎಂಬ ನಂಬಿಕೆಯಿದೆ. ಹಾಗೆ ಮಾಡಿದರೆ ಕಲ್ಲು ಸಿಕ್ಕಾಗ ಶಾಫ್ಟ್ ಉಳಿದು ಗೇರ್‌ಬಾಕ್ಸಿನ ಹಲ್ಲು ಮುರಿಯುತ್ತದೆ. ಸರಪಳಿಯಲ್ಲಿ ಅಗ್ಗದ ಕೊಂಡಿ ಯಾವುದೆಂದು ನಾವೇ ಆರಿಸಿಕೊಳ್ಳಬೇಕು. ಆ ಜಾಗ ಶಿಯರ್ ಬೋಲ್ಟಿನದು. ಅದು ಪದೇ ಪದೇ ತುಂಡಾಗುತ್ತದೆಂದು ಹೈ ಟೆನ್ಸಿಲ್ ಬೋಲ್ಟ್ ಹಾಕುವುದು ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ.

ಉದ್ದ ಕತ್ತರಿಸುವ ಲೆಕ್ಕ

ಬಹಳ ಮಂದಿ ಎಡವುವುದು ಇಲ್ಲೇ. ಹೊಸ ಶಾಫ್ಟ್ ಅಂಗಡಿಯಿಂದ ಸಾಮಾನ್ಯವಾಗಿ ಉದ್ದವಾಗಿಯೇ ಬರುತ್ತದೆ. ನಿಮ್ಮ ಗಾಡಿಗೂ ನಿಮ್ಮ ರೋಟಾವೇಟರಿಗೂ ಹೊಂದುವಂತೆ ಕತ್ತರಿಸಿಕೊಳ್ಳಲೆಂದೇ ಹಾಗೆ. ಕತ್ತರಿಸದೆ ಸಿಕ್ಕಿಸಿದರೆ ರೋಟಾವೇಟರ್ ಎತ್ತಿ ಇಳಿಸುವಾಗ ಒಳಪೈಪು ತಳಕ್ಕೆ ಕುಟ್ಟಿ ಪಿಟಿಒ ಬೇರಿಂಗನ್ನು ಮುಂದಕ್ಕೆ ದಬ್ಬುತ್ತದೆ. ಹೆಚ್ಚು ಕತ್ತರಿಸಿದರೆ ಪೂರ್ತಿ ಎತ್ತಿದಾಗ ಎರಡು ಅರ್ಧಗಳೂ ಬೇರ್ಪಟ್ಟು ಬೀಸತೊಡಗುತ್ತವೆ.

ಕ್ರಮ ಹೀಗೆ. ಶಾಫ್ಟ್ ಇಲ್ಲದೆ ರೋಟಾವೇಟರನ್ನು ಮೂರು ಕೊಂಡಿಗೂ ಸಿಕ್ಕಿಸಿ. ನಿಧಾನಕ್ಕೆ ಎತ್ತುತ್ತ ಇಳಿಸುತ್ತ, ಪಿಟಿಒ ತುದಿಗೂ ಗೇರ್‌ಬಾಕ್ಸ್ ತುದಿಗೂ ಅಂತರ ಅತಿ ಕಡಿಮೆಯಾಗುವ ಭಂಗಿ ಗುರುತಿಸಿ. ಸಾಮಾನ್ಯವಾಗಿ ಎರಡೂ ತುದಿ ಒಂದೇ ಎತ್ತರಕ್ಕೆ ಬಂದಾಗ ಅದು. ಅಲ್ಲೇ ದಿಮ್ಮಿ ಆನಿಸಿ, ಇಂಜಿನ್ ಆರಿಸಿ. ಶಾಫ್ಟಿನ ಎರಡು ಅರ್ಧಗಳನ್ನು ಬಿಡಿಸಿ, ಒಂದನ್ನು ಪಿಟಿಒಗೆ, ಇನ್ನೊಂದನ್ನು ಗೇರ್‌ಬಾಕ್ಸಿಗೆ ಸಿಕ್ಕಿಸಿ, ಪಕ್ಕಪಕ್ಕಕ್ಕೆ ಹಿಡಿಯಿರಿ. ಒಂದರ ತುದಿ ಇನ್ನೊಂದರ ಕವಲಿಗೆ ತಾಗುವ ಜಾಗದಿಂದ ಒಂದರಿಂದ ಒಂದೂವರೆ ಅಂಗುಲ ಹಿಂದಕ್ಕೆ ಗುರುತು ಹಾಕಿ. ಒಳಪೈಪು, ಹೊರಪೈಪು, ಅವುಗಳ ಪ್ಲಾಸ್ಟಿಕ್ ಕವಚ, ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ.

ಆಮೇಲೆ ಎದುರು ಪರೀಕ್ಷೆ. ಶಾಫ್ಟ್ ಅತಿ ಉದ್ದಕ್ಕೆ ಎಳೆದುಕೊಳ್ಳುವ ಭಂಗಿಯಲ್ಲೂ ಪೈಪಿನ ಮೂರನೇ ಒಂದು ಭಾಗ ಒಳಗೇ ಇರಬೇಕು. ಇಲ್ಲವಾದರೆ ಆ ಶಾಫ್ಟ್ ನಿಮ್ಮ ಗಾಡಿಗಲ್ಲ; ಹಿಂದಿರುಗಿಸಿ.

ಕತ್ತರಿಸಿದ ಅಂಚಿನ ಚೂಪನ್ನು ಒಳಗೂ ಹೊರಗೂ ಅರದಿಂದ ಉಜ್ಜಿ, ಕಬ್ಬಿಣದ ಪುಡಿಯನ್ನು ಪೂರ್ತಿ ಒರೆಸಿ, ಪೈಪಿನ ಉದ್ದಕ್ಕೂ ಗ್ರೀಸ್ ಹಚ್ಚಿ. ಉಳಿದ ಒಂದು ಚೂರು ಪುಡಿ ಕೂಡ ಒಳಗೆ ಅರೆಯುವ ಕಲ್ಲಾಗುತ್ತದೆ.

ಕವಲುಗಳ ಹೊಂದಿಕೆ, ಟಾಪ್ ಲಿಂಕಿನ ಗುಟ್ಟು

ಒಂದು ಕ್ರಾಸ್ ಓರೆಯಲ್ಲಿ ತಿರುಗುವಾಗ ಒಂದು ವಿಚಿತ್ರ ನಡೆಯುತ್ತದೆ. ಒಳಬರುವ ವೇಗ ಒಂದೇ ಸಮ ಇದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ. ಓರೆ 15 ಡಿಗ್ರಿ ಇದ್ದರೆ 540 ಸುತ್ತು 522ಕ್ಕೂ 559ಕ್ಕೂ ನಡುವೆ ತೂಗಾಡುತ್ತದೆ. 30 ಡಿಗ್ರಿಯಲ್ಲಿ 468ಕ್ಕೂ 624ಕ್ಕೂ ನಡುವೆ. ಸೆಕೆಂಡಿಗೆ 9 ಸುತ್ತೆಂದರೆ ಸೆಕೆಂಡಿಗೆ 18 ಜಗ್ಗು.

ಎರಡು ತುದಿಯಲ್ಲೂ ಕ್ರಾಸ್ ಇಟ್ಟಿರುವುದು ಈ ಜಗ್ಗನ್ನು ಕಳೆಯಲು. ಮೊದಲ ಕ್ರಾಸ್ ಏರಿಸಿದ ವೇಗವನ್ನು ಎರಡನೆಯದು ಅಷ್ಟೇ ಇಳಿಸುತ್ತದೆ. ಅದಕ್ಕೆ ಎರಡು ಷರತ್ತು. ಪೈಪಿಗೆ ಬೆಸೆದಿರುವ ಎರಡು ಒಳ ಕವಲುಗಳು ಒಂದೇ ಸಮತಲದಲ್ಲಿ, ಒಂದು ನೆಟ್ಟಗೆ ನಿಂತಾಗ ಇನ್ನೊಂದೂ ನೆಟ್ಟಗೆ ನಿಲ್ಲುವಂತೆ, ಇರಬೇಕು. ಎರಡು ತುದಿಯ ಓರೆಯೂ ಸಮ ಇರಬೇಕು.

ಮೊದಲ ಷರತ್ತನ್ನು ನಿಂಬೆಯಾಕಾರದ ಪೈಪು ತಾನೇ ಪಾಲಿಸುತ್ತದೆ; ಅದು ಹೇಗೆ ಕೂತರೂ ಸರಿಯಾಗಿಯೇ ಕೂರುತ್ತದೆ. ಚೌಕ ಸರಳಿನ ಶಾಫ್ಟ್ ನಾಲ್ಕು ಬಗೆಯಲ್ಲಿ ಒಳಹೋಗುತ್ತದೆ, ಅದರಲ್ಲಿ ಎರಡು ಬಗೆ ತಪ್ಪು. ತ್ರಿಕೋನದ ಪೈಪಿನಲ್ಲಿ ಮೂರರಲ್ಲಿ ಒಂದೇ ಸರಿ. ಹಾಗಾಗಿ ಬಿಚ್ಚುವ ಮೊದಲೇ ಎರಡು ಅರ್ಧದ ಮೇಲೂ ಬಣ್ಣದ ಗೆರೆ ಎಳೆದುಕೊಳ್ಳಿ.

ಎರಡನೆಯ ಷರತ್ತು ಮೂರು ಕೊಂಡಿಗಳಲ್ಲಿ ಮೇಲಿನದಾದ ಟಾಪ್ ಲಿಂಕಿನ ಕೈಯಲ್ಲಿದೆ. ಟಾಪ್ ಲಿಂಕ್ ತೀರಾ ಗಿಡ್ಡವಾದರೆ ರೋಟಾವೇಟರಿನ ಹಿಂಭಾಗ ಎದ್ದು ಅದರ ಗೇರ್‌ಬಾಕ್ಸ್ ಮುಗ್ಗರಿಸಿ ಕೆಳಗೆ ನೋಡುತ್ತದೆ. ತೀರಾ ಉದ್ದವಾದರೆ ಆಕಾಶ ನೋಡುತ್ತದೆ. ರೋಟಾವೇಟರನ್ನು ಕೆಲಸದ ಆಳಕ್ಕೆ ಇಳಿಸಿ, ಇಂಜಿನ್ ಆರಿಸಿ, ಫೋನಿನಲ್ಲಿರುವ ಮಟ್ಟಗೋಲಿನ ಆ್ಯಪ್ ತೆರೆದು, ಪಿಟಿಒ ಶಾಫ್ಟಿನ ಮೇಲೊಮ್ಮೆ, ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ಮೇಲೊಮ್ಮೆ ಇಟ್ಟು ನೋಡಿ. ಎರಡೂ ಒಂದೇ ಡಿಗ್ರಿ ತೋರಿಸುವವರೆಗೆ ಟಾಪ್ ಲಿಂಕ್ ತಿರುಗಿಸಿ. ದುಡ್ಡಿಲ್ಲದೆ ಶಾಫ್ಟಿನ ಆಯುಷ್ಯ ಹೆಚ್ಚಿಸುವ ಉಪಾಯಗಳಲ್ಲಿ ಇದೂ ಒಂದು.

ಕ್ರಾಸ್ ಬದಲಿಸುವ ಬಗೆ

ಬೇಕಾದುದು ಸರ್ಕ್ಲಿಪ್ ಇಕ್ಕಳ, ಬೆಂಚ್ ವೈಸ್, ಒಂದು ದೊಡ್ಡ ಒಂದು ಚಿಕ್ಕ ಸಾಕೆಟ್, ಹಿತ್ತಾಳೆ ಅಥವಾ ಮರದ ಸುತ್ತಿಗೆ.

ಕವಲನ್ನು ಡೀಸೆಲ್‌ನಲ್ಲಿ ತೊಳೆದು ನಾಲ್ಕೂ ಸರ್ಕ್ಲಿಪ್ ತೆಗೆಯಿರಿ. ವೈಸಿನಲ್ಲಿ ಒಂದು ಕಡೆ ಕ್ಯಾಪಿಗಿಂತ ಚಿಕ್ಕ ಸಾಕೆಟ್, ಎದುರಿಗೆ ಕ್ಯಾಪ್ ಹಿಡಿಸುವಷ್ಟು ದೊಡ್ಡ ಸಾಕೆಟ್ ಇಟ್ಟು ಬಿಗಿಯುತ್ತ ಹೋದರೆ ಕ್ಯಾಪ್ ದೊಡ್ಡ ಸಾಕೆಟ್ಟಿನೊಳಕ್ಕೆ ಹೊರಬರುತ್ತದೆ. ತಿರುಗಿಸಿ ಇನ್ನೊಂದು ಬದಿಯನ್ನೂ ಹೀಗೇ ತೆಗೆಯಿರಿ. ಉಕ್ಕಿನ ಸುತ್ತಿಗೆಯಿಂದ ಕವಲಿಗೆ ಹೊಡೆದರೆ ಅದರ ಕಿವಿ ಬಾಗುತ್ತದೆ.

ಹೊಸ ಕ್ಯಾಪ್ ಹಾಕುವ ಮುನ್ನ ಸೂಜಿಗಳೆಲ್ಲ ಗ್ರೀಸಿನಲ್ಲಿ ಅಂಟಿ ನಿಂತಿವೆಯೇ ನೋಡಿ. ಒಂದು ಸೂಜಿ ಮಲಗಿಕೊಂಡಿದ್ದರೂ ಕ್ಯಾಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ಪಿಗೆ ಜಾಗ ಸಿಗುವುದಿಲ್ಲ. ಬಲ ಹಾಕಿ ತಳ್ಳಬೇಡಿ, ತೆಗೆದು ಮತ್ತೆ ಜೋಡಿಸಿ. ಗ್ರೀಸ್ ನಿಪ್ಪಲ್ ಗನ್ನಿಗೆ ಎಟುಕುವ ದಿಕ್ಕಿಗಿರಲಿ. ಜೋಡಿಸಿ ಮುಗಿಸಿದ ಮೇಲೆ ನಿಪ್ಪಲ್ ಕವಲಿನ ಮರೆಗೆ ಹೋಗಿದೆ ಎಂದು ಗೊತ್ತಾದರೆ ಎಲ್ಲವನ್ನೂ ಪುನಃ ಬಿಚ್ಚಬೇಕು.

ಸರ್ಕ್ಲಿಪ್ ಕೂತ ಮೇಲೆ ಕವಲಿನ ಕಿವಿಗೆ ಮರದ ಸುತ್ತಿಗೆಯಿಂದ ಹಗುರಾಗಿ ತಟ್ಟಿ. ಕ್ಯಾಪ್‌ಗಳು ಸರ್ಕ್ಲಿಪ್ಪಿಗೆ ಒರಗಿ ಬಿಗಿ ಸಡಿಲವಾಗುತ್ತದೆ. ಕ್ರಾಸ್ ಎಲ್ಲ ದಿಕ್ಕಿಗೂ ಕೈಯಲ್ಲೇ ತಿರುಗಬೇಕು. ಕೊನೆಗೆ ನಾಲ್ಕೂ ಕ್ಯಾಪಿನ ಅಂಚಿನಲ್ಲಿ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ಒಣಗಿಯೇ ಓಡಲಿದೆ.

ಕೂರಿಸಿ ಪರೀಕ್ಷಿಸಿ

ಪಿಟಿಒ ಹಲ್ಲನ್ನು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ, ಕವಲನ್ನು ಜಾರಿಸಿ. ಲಾಕ್ ಪಿನ್ ಟಕ್ಕೆಂದ ಮೇಲೂ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಸದ್ದು ನಂಬುವಂಥದ್ದಲ್ಲ, ಜಗ್ಗಿದ ಕೈ ನಂಬುವಂಥದ್ದು. ಪ್ಲಾಸ್ಟಿಕ್ ಕವಚ ಶಾಫ್ಟಿನೊಡನೆ ಸುತ್ತದಂತೆ ಅದರ ಸರಪಳಿಯನ್ನು ಗಾಡಿಯ ಅಲುಗದ ಭಾಗಕ್ಕೆ ಕೊಂಡಿ ಹಾಕಿ.

ಇಂಜಿನ್ ಆರಿದ್ದಾಗಲೇ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗದಿರುವುದನ್ನು ಖಚಿತಪಡಿಸಿಕೊಳ್ಳಿ. ನಂತರ ಐಡಲ್ ವೇಗದಲ್ಲಿ ಪಿಟಿಒ ಹಾಕಿ, ದೂರ ನಿಂತು ಕೇಳಿ. ಸದ್ದು ಒಂದೇ ಸಮ ಇದ್ದರೆ ವೇಗ ಏರಿಸಿ. ಹತ್ತು ನಿಮಿಷ ಹಗುರ ಮಣ್ಣಿನಲ್ಲಿ ಓಡಿಸಿ, ಇಂಜಿನ್ ಆರಿಸಿ, ಶಾಫ್ಟ್ ಪೂರ್ತಿ ನಿಂತ ಮೇಲೆ ಕ್ಯಾಪ್‌ಗಳ ಬಳಿ ಕೈ ಹಿಡಿಯಿರಿ. ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಅದು ಬಿಗಿಯಾಗಿದೆ ಅಥವಾ ಗ್ರೀಸ್ ತಲುಪಿಲ್ಲ.

ಕೆಲವು ಮಿನಿ ಟ್ರ್ಯಾಕ್ಟರುಗಳಲ್ಲಿ ಪಿಟಿಒಗೂ ಎರಡು ಮೂರು ಗೇರ್‌ಗಳಿವೆ. ರೋಟಾವೇಟರ್ ಮೇಲೆ ಬರೆದಿರುವ ವೇಗ ಮೀರಿ ಓಡಿಸಬೇಡಿ. ಮಣ್ಣು ಬೇಗ ಪುಡಿಯಾಗುತ್ತದೆಂಬ ಆಸೆಗೆ ಕ್ರಾಸ್ ಬೇಗ ಬಲಿಯಾಗುತ್ತದೆ.

ಫೋರ್ ವೀಲ್ ಗಾಡಿಯ ಮುಂದಿನ ಶಾಫ್ಟ್

ಲಿವರ್ ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲ, ತಿರುವಿನಲ್ಲಿ ಹೊಟ್ಟೆಯಡಿ ಕಟಕಟ ಸದ್ದು: ಇದು ಮುಂದಿನ ಶಾಫ್ಟಿನ ದೂರು. ಇಂಜಿನ್ ಆರಿಸಿ, ಗಾಡಿಯನ್ನು ಗೇರಿನಲ್ಲೇ ಬಿಟ್ಟು, ಫೋರ್ ವೀಲ್ ಲಿವರ್ ಹಾಕಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಆಕ್ಸಲನ್ನು ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ. ಒಂದು ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಹಿಮ್ಮುಖವಾಗಿ ತಿರುಗಬೇಕು. ಆ ಇನ್ನೊಂದನ್ನು ಒಬ್ಬರು ಬಿಗಿಯಾಗಿ ಹಿಡಿದಿರುವಾಗಲೂ ಇದು ಸಲೀಸಾಗಿ ಸುತ್ತುತ್ತಿದ್ದರೆ ಎಲ್ಲೋ ಹಲ್ಲು ಕಿತ್ತುಹೋಗಿದೆ. ಅನುಮಾನ ಮೊದಲು ಶಾಫ್ಟಿನ ಎರಡು ತುದಿಯ ಕಪ್ಲಿಂಗ್ ಮೇಲಿರಲಿ. ಮುಂದಿನ ಆಕ್ಸಲ್ ಬಿಚ್ಚುವ ಮಾತು ಆಮೇಲೆ.

ಬಿಚ್ಚುವ ಕ್ರಮ ಗಾಡಿಯಿಂದ ಗಾಡಿಗೆ ಅಷ್ಟಿಷ್ಟು ಬೇರೆ. ಸಾಮಾನ್ಯವಾಗಿ ಶಾಫ್ಟನ್ನು ಮುಚ್ಚಿದ ಕೊಳವೆಯ ಬೋಲ್ಟ್ ತೆಗೆದು ಸರಿಸಿದರೆ ಕಪ್ಲಿಂಗ್ ಕಾಣುತ್ತದೆ. ಅದರ ಸ್ಪ್ರಿಂಗ್ ಪಿನ್ ಅಥವಾ ಸರ್ಕ್ಲಿಪ್ ತೆಗೆದು ಕಪ್ಲಿಂಗನ್ನು ಶಾಫ್ಟಿನ ಮೇಲೆ ಹಿಂದಕ್ಕೆ ಜಾರಿಸಿದರೆ ಶಾಫ್ಟ್ ಕೆಳಗಿಳಿಯುತ್ತದೆ. ಗೇರ್ ಆಯಿಲ್ ಸುರಿಯಬಹುದು, ಕೆಳಗೆ ತಟ್ಟೆ ಇಡಿ. ಶಾಫ್ಟ್ ಮಾತ್ರ ಬದಲಿಸಿ ಹಳೆಯ ಕಪ್ಲಿಂಗ್ ಉಳಿಸಬೇಡಿ. ಎರಡೂ ಜೋಡಿಯಾಗಿ ಸವೆದವು, ಜೋಡಿಯಾಗಿಯೇ ಹೋಗಬೇಕು. ಆಯಿಲ್ ಸೀಲ್, ಓ ರಿಂಗ್‌ಗಳನ್ನೂ ಇದೇ ಸಂದರ್ಭದಲ್ಲಿ ಹೊಸದು ಹಾಕಿ. ಮುಗಿದ ಮೇಲೆ ಗೇರ್ ಆಯಿಲ್ ಮಟ್ಟ ನೋಡಿ.

ಈ ಶಾಫ್ಟ್ ಸವೆಯಲು ಮುಖ್ಯ ಕಾರಣ ಎರಡು. ಮೊದಲನೆಯದು ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸುವುದು. ಈ ಗಾಡಿಗಳ ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಬೇಗ ಓಡುವಂತೆ ಗೇರ್ ಲೆಕ್ಕ ಹಾಕಿರುತ್ತಾರೆ. ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟ್ ತಿರುಚಿಕೊಳ್ಳುತ್ತ ಹೋಗುತ್ತದೆ. ಎರಡನೆಯದು ಟೈರು. ಹಿಂದಿನ ಟೈರ್ ಮಾತ್ರ ಹೊಸದು ಹಾಕಿ ಮುಂದಿನ ಬೋಳು ಟೈರ್ ಉಳಿಸಿದರೆ, ಅಥವಾ ಸಿಕ್ಕಿತೆಂದು ಬೇರೆ ಸೈಜ್ ಹಾಕಿದರೆ ಆ ಲೆಕ್ಕವೇ ತಪ್ಪುತ್ತದೆ. ತೋಟದ ಗೇಟು ದಾಟಿ ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಲಿವರ್ ತೆಗೆಯುವ ಅಭ್ಯಾಸ ಡ್ರೈವರಿಗೆ ಬರಲಿ.

ನಮ್ಮ ತೋಟಗಳಲ್ಲಿ ಯಾಕೆ ಬೇಗ ಸವೆಯುತ್ತದೆ

ಕೆಂಪು ಜಲ್ಲಿ ಮಣ್ಣು, ಬೇಸಿಗೆಯಲ್ಲಿ ಕಲ್ಲಾಗುವ ನೆಲ, ಉರುಳಿ ಬಿದ್ದ ತೆಂಗಿನ ಗರಿ, ಮಟ್ಟೆ, ಅಡಿಕೆ ಹಾಳೆ, ಸಾಲುದ್ದಕ್ಕೂ ಡ್ರಿಪ್ ಪೈಪು. ಶಾಫ್ಟಿಗೆ ಶತ್ರುಗಳು ಸಾಲುಗಟ್ಟಿ ನಿಂತಿವೆ. ಗರಿಗಳನ್ನು ಎತ್ತಿ, ಡ್ರಿಪ್ ಪೈಪನ್ನು ಬುಡಕ್ಕೆ ಸುತ್ತಿಟ್ಟ ಮೇಲಷ್ಟೇ ರೋಟಾವೇಟರ್ ಇಳಿಸಿ. ಬ್ಲೇಡಿನ ರೋಟರಿಗೆ ಸುತ್ತಿಕೊಂಡ ಪೈಪು ಇಂಜಿನ್ನನ್ನು ನಿಲ್ಲಿಸುವ ಮೊದಲು ಕ್ರಾಸಿಗೆ ಏಟು ಕೊಟ್ಟಿರುತ್ತದೆ.

ಅಡಿಕೆ, ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡಿವೆ. ನಾಲ್ಕೈದು ಅಂಗುಲಕ್ಕಿಂತ ಆಳಕ್ಕೆ ಬ್ಲೇಡ್ ಬಿಟ್ಟರೆ ಮರಕ್ಕೂ ನಷ್ಟ, ಶಾಫ್ಟಿಗೂ ನಷ್ಟ. ಬುಡದಿಂದ ಎಷ್ಟು ದೂರ, ಯಾವ ಹದದಲ್ಲಿ ಉಳಬೇಕೆಂಬ ಪ್ರಶ್ನೆಯಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು. ಭರಣಿ ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆ ಉಳುವುದಕ್ಕೂ ಫೆಬ್ರುವರಿ, ಮಾರ್ಚಿನ ಒಣನೆಲ ಕೆದಕುವುದಕ್ಕೂ ಶಾಫ್ಟಿನ ಮಟ್ಟಿಗೆ ಬಹಳ ವ್ಯತ್ಯಾಸವಿದೆ.

ಎಲ್ಲಕ್ಕಿಂತ ದೊಡ್ಡ ಕೆಡುಕು ಸಾಲಿನ ಕೊನೆಯಲ್ಲಿ ಆಗುತ್ತದೆ. ಪಿಟಿಒ ತೆಗೆಯದೆ ರೋಟಾವೇಟರನ್ನು ಪೂರ್ತಿ ಎತ್ತಿ ತಿರುಗಿಸುತ್ತಾರೆ. ಆ ಕ್ಷಣ ಕ್ರಾಸಿನ ಓರೆ 30 ಡಿಗ್ರಿ ದಾಟಿರಬಹುದು. ಸಣ್ಣ ತೋಟದಲ್ಲಿ ಸಾಲು ಚಿಕ್ಕದು, ತಿರುವು ಜಾಸ್ತಿ. ದಿನಕ್ಕೆ ನೂರಾರು ಬಾರಿ ಇದೇ ಹಿಂಸೆ. ಪಿಟಿಒ ಲಿವರಿಗೆ ಒಮ್ಮೆ ಕೈ ಹಾಕಿದರೆ ಉಳಿಯುವ ಶಾಫ್ಟ್ ಇದು. ಜೊತೆಗೆ ಬೇಕಾದದ್ದಕ್ಕಿಂತ ಮೇಲೆ ಎತ್ತದಂತೆ ಹೈಡ್ರಾಲಿಕ್ ಲಿವರಿನ ತಡೆಯನ್ನು ಹೊಂದಿಸಿ.

ಗ್ರೀಸ್ ಲೆಕ್ಕ ಸರಳ. ಪ್ರತಿ 8 ಗಂಟೆ ಕೆಲಸಕ್ಕೊಮ್ಮೆ, ಅಂದರೆ ಕೆಲಸವಿದ್ದ ದಿನವೆಲ್ಲ, ಎರಡು ಕ್ರಾಸಿಗೂ ಜಾರು ಪೈಪಿಗೂ. ಲಿಥಿಯಂ ಗ್ರೀಸ್ 2ನೇ ನಂಬರ್ ಸಾಕು. ನಿಪ್ಪಲ್ ಒರೆಸದೆ ಗನ್ ಒತ್ತಿದರೆ ಗ್ರೀಸಿಗಿಂತ ಮೊದಲು ಮಣ್ಣು ಒಳಹೋಗುತ್ತದೆ. ಮಳೆಗಾಲ ಕಳೆದು ಗಾಡಿ ನಿಲ್ಲಿಸುವಾಗ ಶಾಫ್ಟ್ ಕಳಚಿ, ಗ್ರೀಸ್ ಹಚ್ಚಿ, ಒಣ ಜಾಗದಲ್ಲಿ ತೂಗುಹಾಕಿ.

ಗಾಡಿ ಬಿಚ್ಚಿಟ್ಟಾಗ

ಭಾಗ ತರಿಸಲು ವಾರ ಹಿಡಿದರೆ ಉಳುಮೆ ನಿಲ್ಲಬೇಕಿಲ್ಲ. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಯಂತ್ರ ಸಿಗುತ್ತದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ರೋಟಾವೇಟರಿನ ಗೇರ್‌ಬಾಕ್ಸೇ ಹಾಳಾಗಿದ್ದರೆ, ಹೊಸದು ಕೊಳ್ಳುವ ಮುನ್ನ ಸಹಾಯಧನದ ಅರ್ಜಿ ಬಗ್ಗೆಯೂ ಅಲ್ಲೇ ಕೇಳಿ. ಕೊಂಡ ಮೇಲೆ ಕೇಳಿ ಫಲವಿಲ್ಲ.

ಕವಚ ತೆಗೆದು ಬಿಸಾಡಬೇಡಿ

ಗ್ರೀಸ್ ಹಾಕಲು ಅಡ್ಡ ಬರುತ್ತದೆಂದು ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನು ಮೊದಲ ದಿನವೇ ಕಿತ್ತು ಮೂಲೆಗೆ ಎಸೆಯುವುದು ನಮ್ಮಲ್ಲಿ ಮಾಮೂಲು. ಒಂದು ಲೆಕ್ಕ ಹಾಕಿ. ಶಾಫ್ಟಿನ ದಪ್ಪ 7 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ 22 ಸೆಂ.ಮೀ. ಬಟ್ಟೆ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ 9 ಸುತ್ತು. ಅಂದರೆ ಪಂಚೆಯ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ ಒಂದು ಸೆಕೆಂಡಿಗೆ ಎರಡು ಮೀಟರ್ ಬಟ್ಟೆ ಒಳಗೆ ಹೋಗುತ್ತದೆ. ಕೂಗಿ, ಅದನ್ನು ಡ್ರೈವರ್ ಕೇಳಿ, ಕ್ಲಚ್ ಒತ್ತುವಷ್ಟು ಹೊತ್ತು ಅಲ್ಲಿರುವುದಿಲ್ಲ.

ಹೊಸ ಶಾಫ್ಟ್ ತರುವಾಗ ಕವಚವಿಲ್ಲದ್ದು ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಹಳೆಯ ಕವಚ ಒಡೆದಿದ್ದರೆ ಅದಕ್ಕೂ ಬಿಡಿ ಭಾಗ ಸಿಗುತ್ತದೆ, ಇಂದೇ ತರಿಸಿ. ಓಡುವ ಶಾಫ್ಟನ್ನು ದಾಟಬೇಡಿ, ಮಕ್ಕಳನ್ನು ಗಾಡಿಯ ಹಿಂದೆ ನಿಲ್ಲಗೊಡಬೇಡಿ, ಡ್ರೈವರ್ ಯಾರೇ ಆಗಲಿ ಈ ಎರಡು ಮಾತನ್ನು ಮೊದಲ ದಿನವೇ ಹೇಳಿ.